ತೆರೆದ ಹೊಟ್ಟೆ

ಹ್ಯೂರಾನ್ ಮತ್ತು ಮಿಷಿಗನ್ ಸರೋವರಗಳು ಸಂಧಿಸುವ ಜಾಗದಲ್ಲಿ ಮ್ಯಾಕಿನಾ ಎಂಬ ಪುಟ್ಟ ದ್ವೀಪವಿದೆ. ಎರಡು ಶತಮಾನಗಳ ಹಿಂದೆ ಅದು ಅಮೆರಿಕದ ಗಡಿನಾಡು. ವರ್ಷದ ಬಹುಪಾಲು ಮಂಜಿನಲ್ಲಿ ಮುದುರಿಕೊಂಡಿರುತ್ತಿದ್ದ ಈ ಊರಿಗೆ ಜೂನ್ ತಿಂಗಳಲ್ಲಿ ಜಾತ್ರೆಯ ಕಳೆ ಬರುತ್ತಿತ್ತು. ಚಳಿಗಾಲವಿಡೀ ಒಳನಾಡಿನ ಕಾಡುಗಳಲ್ಲಿ ಅಲೆದು ಬೀವರ್, ನೀರುನಾಯಿ, ಕರಡಿಗಳ ತುಪ್ಪಳ ಕಲೆಹಾಕಿದ ದೋಣಿಯಾಳುಗಳು, ಮೂಲನಿವಾಸಿ ಬೇಟೆಗಾರರು, ದಲ್ಲಾಳಿಗಳು ಎಲ್ಲರೂ ಬಂದು ಸೇರುವ ಕಾಲ ಅದು. ಜಾನ್ ಜೇಕಬ್ ಆಸ್ಟರ್‌ನ ಅಮೆರಿಕನ್ ಫರ್ ಕಂಪನಿಯ ಅಂಗಡಿಯಲ್ಲಿ ಕಾಲಿಡಲು ಜಾಗವಿರುತ್ತಿರಲಿಲ್ಲ.

1822ರ ಜೂನ್ 6ರ ಬೆಳಿಗ್ಗೆ ಆ ಅಂಗಡಿಯೊಳಗೆ ಯಾರದೋ ಕೈಯಲ್ಲಿದ್ದ ಕೋವಿ ತಾನಾಗಿ ಸಿಡಿಯಿತು. ಬಾತುಕೋಳಿ ಹೊಡೆಯುವ ಚರೆ ತುಂಬಿದ್ದ ಕೋವಿ. ಒಂದು ಗಜವೂ ದೂರವಿಲ್ಲದೆ ನಿಂತಿದ್ದ ಅಲೆಕ್ಸಿ ಸೇಂಟ್ ಮಾರ್ಟಿನ್ ಎಂಬ ಕೆನಡಾದ ಫ್ರೆಂಚ್ ಯುವಕ ಕೆಳಗೆ ಬಿದ್ದ. ಅಂಗಿಗೆ ಬೆಂಕಿ ಹತ್ತಿಕೊಂಡಿತ್ತು. ವಯಸ್ಸು ಇಪ್ಪತ್ತರ ಆಸುಪಾಸು, ಓದುಬರಹ ಬಾರದು, ದೋಣಿ ಹುಟ್ಟು ಹಾಕುವುದು, ಮೂಟೆ ಹೊರುವುದು ಕಸುಬು. ಗುಡ್ಡದ ಮೇಲಿನ ಕೋಟೆಯಿಂದ ಸೇನೆಯ ಡಾಕ್ಟರನ್ನು ಕರೆತಂದರು. ಆ ದ್ವೀಪಕ್ಕೆಲ್ಲ ಇದ್ದದ್ದು ಅವನೊಬ್ಬನೇ ಡಾಕ್ಟರು.

ವಿಲಿಯಂ ಬೋಮಾಂಟ್‌ಗೆ ಆಗ 36 ವರ್ಷ. ಕನೆಕ್ಟಿಕಟ್‌ನ ಲೆಬನಾನ್ ಊರಿನ ರೈತನ ಮಗ. ವೈದ್ಯಕೀಯ ಕಾಲೇಜಿನ ಮೆಟ್ಟಿಲು ಹತ್ತಿದವನಲ್ಲ. ವರ್ಮಾಂಟ್‌ನ ಒಬ್ಬ ವೈದ್ಯನ ಮನೆಯಲ್ಲಿ ಶಿಷ್ಯನಾಗಿದ್ದುಕೊಂಡು ಔಷಧ ಅರೆಯುತ್ತ, ಗಾಯ ಕಟ್ಟುತ್ತ ವಿದ್ಯೆ ಕಲಿತವನು. 1812ರ ಯುದ್ಧದಲ್ಲಿ ಸೈನಿಕರ ಕೈಕಾಲು ಕತ್ತರಿಸಿ ಪಳಗಿದ್ದ. ಹಾಗಾಗಿ ಭೀಕರ ಗಾಯಗಳು ಅವನಿಗೆ ಹೊಸದೇನಲ್ಲ. ಆದರೆ ಇಂಥದ್ದನ್ನು ಅವನೂ ನೋಡಿರಲಿಲ್ಲ. ಎಡ ಎದೆಯ ಕೆಳಗೆ ಅಂಗೈಯಗಲದ ಗಾಯ. ಪಕ್ಕೆಲುಬುಗಳು ಮುರಿದಿದ್ದವು. ಸುಟ್ಟು ಹರಿದ ಶ್ವಾಸಕೋಶದ ತುಂಡೊಂದು ಟರ್ಕಿ ಕೋಳಿಯ ಮೊಟ್ಟೆಯಷ್ಟು ದಪ್ಪವಾಗಿ ಹೊರಗೆ ಚಾಚಿತ್ತು. ಅದರ ಕೆಳಗೆ ಇನ್ನೊಂದು ಉಬ್ಬು. ಅದು ಜಠರವೆಂದು ಡಾಕ್ಟರಿಗೆ ಗೊತ್ತಾದದ್ದು ಅದರಲ್ಲಿದ್ದ ತೂತಿನಿಂದ ಹುಡುಗ ಬೆಳಿಗ್ಗೆ ತಿಂದದ್ದು ಸುರಿಯುತ್ತಿದ್ದುದರಿಂದ. ತೋರುಬೆರಳು ತೂರುವಷ್ಟು ದೊಡ್ಡ ತೂತು. ಶ್ವಾಸಕೋಶ ಒಳಗೆ ಹೋಗಲು ಪಕ್ಕೆಲುಬಿನ ಚೂಪು ತುದಿಯೊಂದು ಅಡ್ಡವಾಗಿತ್ತು; ಬೋಮಾಂಟ್ ಕಿಸೆಯ ಚಾಕುವಿನಿಂದ ಅದನ್ನು ಕತ್ತರಿಸಿ, ಶ್ವಾಸಕೋಶವನ್ನು ಒಳಗೆ ತಳ್ಳಿ, ಗಾಯ ಕಟ್ಟಿದ. ಈ ಹುಡುಗ 36 ಗಂಟೆ ಬದುಕಿದರೆ ಹೆಚ್ಚು ಎಂದು ಅವನ ಲೆಕ್ಕ.

ಹುಡುಗ ಸಾಯಲಿಲ್ಲ. ಜ್ವರ ಬಂತು, ಕೀವಾಯಿತು, ಎಲುಬಿನ ಚೂರುಗಳು, ಬಟ್ಟೆಯ ಚಿಂದಿ, ಚರೆ ಎಲ್ಲವೂ ವಾರಗಟ್ಟಲೆ ಗಾಯದಿಂದ ಹೊರಬರುತ್ತಲೇ ಇದ್ದವು. ಮೊದಲ 17 ದಿನ ನುಂಗಿದ್ದೆಲ್ಲ ಪಕ್ಕೆಯಿಂದ ಹೊರಗೆ ಬಿತ್ತು. ಗುದದ್ವಾರದ ಮೂಲಕ ಪೋಷಕ ದ್ರವ ಕೊಟ್ಟು ಉಸಿರು ಉಳಿಸಿದರು. ಆಮೇಲೆ ಗಾಯಕ್ಕೆ ಬಿಗಿಯಾಗಿ ಪಟ್ಟಿ ಸುತ್ತಿದಾಗ ಅನ್ನ ಒಳಗೆ ನಿಲ್ಲತೊಡಗಿತು. ನಾಲ್ಕನೆಯ ವಾರಕ್ಕೆ ಹಸಿವು ಮರಳಿತು. ಆದರೆ ತೂತು ಮುಚ್ಚಲಿಲ್ಲ. ಜಠರದ ಅಂಚು ಪಕ್ಕೆಯ ಚರ್ಮಕ್ಕೇ ಕೂಡಿಕೊಂಡು ಬೆಳೆದುಬಿಟ್ಟಿತು. ಅಂಚುಗಳನ್ನು ಕೊಯ್ದು ಹೊಲಿಗೆ ಹಾಕುತ್ತೇನೆಂದರೆ ರೋಗಿಯೇ ಒಪ್ಪಲಿಲ್ಲ ಎಂದು ಬೋಮಾಂಟ್ ಬರೆದಿದ್ದಾನೆ. ಇರಬಹುದು. ಈ ಕತೆಯಲ್ಲಿ ಬರೆಯಲು ಬರುತ್ತಿದ್ದದ್ದು ಇಬ್ಬರಲ್ಲಿ ಒಬ್ಬನಿಗೆ ಮಾತ್ರ ಎಂಬುದನ್ನು ಓದುಗರು ಕೊನೆಯವರೆಗೂ ನೆನಪಿಡಬೇಕು.

ಹತ್ತು ತಿಂಗಳು ಸಾಕಿದ ಮೇಲೆ ಸ್ಥಳೀಯ ಆಡಳಿತ ಕೈಚೆಲ್ಲಿತು. ಈ ಅನಾಥ ರೋಗಿಯನ್ನು ದೋಣಿ ಹತ್ತಿಸಿ ಸಾವಿರ ಮೈಲಿಗೂ ದೂರದ ಅವನ ಊರಿಗೆ ಸಾಗಹಾಕೋಣ ಎಂದಿತು. ಆ ಪ್ರಯಾಣದಲ್ಲಿ ಅವನು ಖಂಡಿತ ಸಾಯುತ್ತಾನೆಂದು ಗೊತ್ತಿದ್ದ ಬೋಮಾಂಟ್ ಅವನನ್ನು ತನ್ನ ಮನೆಗೆ ಕರೆತಂದ. ಸೇನೆಯ ಪುಡಿ ಸಂಬಳ, ಸಂಸಾರ ಬೇರೆ; ಅಂಥದ್ದರಲ್ಲಿ ಇದು ಸಣ್ಣ ಉಪಕಾರವಲ್ಲ. ದಯೆಯಿಂದ ಕರೆತಂದನೋ, ಆಗಲೇ ಆ ತೂತಿನ ಬೆಲೆ ಅವನಿಗೆ ಹೊಳೆದಿತ್ತೋ ಎಂದು ಚರಿತ್ರಕಾರರು ಈಗಲೂ ಜಗಳವಾಡುತ್ತಾರೆ. ಎರಡೂ ಇದ್ದಿರಬಾರದೇಕೆ?

ಎರಡನೆಯ ಚಳಿಗಾಲದ ಹೊತ್ತಿಗೆ ದೇಹ ತಾನೇ ಒಂದು ಉಪಾಯ ಮಾಡಿಕೊಂಡಿತ್ತು. ಜಠರದ ಒಳಪದರದ ಒಂದು ಮಡಿಕೆ ಬೆಳೆದು ತೂತಿಗೆ ಒಳಗಿನಿಂದ ಮುಚ್ಚಳವಾಯಿತು. ಉಂಡದ್ದು ಹೊರಗೆ ಚೆಲ್ಲುತ್ತಿರಲಿಲ್ಲ, ಪಟ್ಟಿಯೂ ಬೇಕಿರಲಿಲ್ಲ. ಬೆರಳಿನಿಂದ ಮೆಲ್ಲಗೆ ಒತ್ತಿದರೆ ಮುಚ್ಚಳ ಹಿಂದೆ ಸರಿದು ಜೀವಂತ ಮನುಷ್ಯನ ಜಠರದ ಒಳಗು ಕಾಣಿಸುತ್ತಿತ್ತು.

ಅಲ್ಲಿ ಏನು ನಡೆಯುತ್ತದೆ ಎಂಬುದು ಆಗ ತೀರ್ಮಾನವಾಗದ ವ್ಯಾಜ್ಯ. ನಮ್ಮವರು ಜಠರಾಗ್ನಿ ಎಂದರು; ಅನ್ನವನ್ನು ಪಚಿಸುವುದು ಒಳಗಿನ ಬೆಂಕಿ. ಗ್ರೀಕ್ ವೈದ್ಯ ಗೇಲನ್ ಹೇಳಿದ್ದೂ ಹೆಚ್ಚುಕಮ್ಮಿ ಇದನ್ನೇ: ಹೊಟ್ಟೆ ಆಹಾರವನ್ನು ಸೆಳೆಯುತ್ತದೆ, ಹಿಡಿದಿಡುತ್ತದೆ, ಬೇಯಿಸುತ್ತದೆ, ಹೊರದಬ್ಬುತ್ತದೆ. ಹದಿನೇಳನೆಯ ಶತಮಾನದಲ್ಲಿ ಪಕ್ಷಗಳಾದವು. ಹೊಟ್ಟೆಯೆಂದರೆ ಬೀಸುವ ಯಂತ್ರ ಎಂದು ಇಟಲಿಯ ಬೊರೆಲ್ಲಿಯ ಕಡೆಯವರು. ಟರ್ಕಿ ಕೋಳಿಯ ಹೊಟ್ಟೆ ಗಾಜಿನ ಗೋಲಿಗಳನ್ನೂ ಪುಡಿಮಾಡುತ್ತದಲ್ಲ ಎಂಬುದು ಅವರ ಸಾಕ್ಷಿ. ಅಲ್ಲ, ಅದು ಹುಳಿ ಬರುವ ಕ್ರಿಯೆ ಎಂದು ವಾನ್ ಹೆಲ್ಮಾಂಟ್‌ನ ಅನುಯಾಯಿಗಳು. 1752ರಲ್ಲಿ ಫ್ರಾನ್ಸಿನ ರೆಮ್ಯೂರ್ ಒಂದು ಸಾಕು ಗಿಡುಗಕ್ಕೆ ಎರಡೂ ಬದಿ ತೆರೆದ ಲೋಹದ ಕೊಳವೆಯಲ್ಲಿ ಮಾಂಸ ತುಂಬಿ ನುಂಗಿಸಿದ. ಅರಗಿಸಿಕೊಳ್ಳಲಾಗದ್ದನ್ನು ಗಿಡುಗ ವಾಂತಿ ಮಾಡುತ್ತದೆ. ಹೊರಬಂದ ಕೊಳವೆಗೆ ಒಂದು ಗೀರೂ ಬಿದ್ದಿರಲಿಲ್ಲ, ಆದರೆ ಒಳಗಿನ ಮಾಂಸ ಕರಗಿಹೋಗಿತ್ತು. ಬೀಸಿದ್ದಲ್ಲ, ಯಾವುದೋ ರಸ ಕರಗಿಸಿದ್ದು. 1777ರಲ್ಲಿ ಎಡಿನ್‌ಬರೋದಲ್ಲಿ ಎಡ್ವರ್ಡ್ ಸ್ಟೀವನ್ಸ್ ಎಂಬ ವಿದ್ಯಾರ್ಥಿ, ಜನರ ಮುಂದೆ ಕಲ್ಲು ನುಂಗಿ ಹೊಟ್ಟೆ ಹೊರೆಯುತ್ತಿದ್ದ ಒಬ್ಬ ಮನುಷ್ಯನಿಗೆ ತೂತು ಕೊರೆದ ಬೆಳ್ಳಿಯ ಗುಂಡುಗಳನ್ನು ನುಂಗಿಸಿ ಅದೇ ತೀರ್ಮಾನಕ್ಕೆ ಬಂದ. ಇಟಲಿಯ ಪಾದ್ರಿ ಸ್ಪಲಾಂಜಾನಿ ಬೇರೆಯವರನ್ನು ಹುಡುಕುವ ಗೋಜಿಗೆ ಹೋಗದೆ ತಾನೇ ಬಟ್ಟೆಯ ಚೀಲಗಳನ್ನು, ಮರದ ಕೊಳವೆಗಳನ್ನು ನುಂಗಿ, ಅವು ಹೊರಬರುವುದನ್ನು ಕಾದ. 1823ರ ಕೊನೆಯಲ್ಲಿ ಲಂಡನ್ನಿನ ವಿಲಿಯಂ ಪ್ರೌಟ್ ಪ್ರಾಣಿಗಳ ಹೊಟ್ಟೆಯ ರಸದಲ್ಲಿರುವುದು ಹೈಡ್ರೋಕ್ಲೋರಿಕ್ ಆಮ್ಲ ಎಂದು ರಾಯಲ್ ಸೊಸೈಟಿಯಲ್ಲಿ ಹೇಳಿದಾಗ, ಜೀವ ಕೊಡುವ ಹೊಟ್ಟೆಯೊಳಗೆ ಇಂಥ ಕಟು ಖನಿಜಾಮ್ಲ ಇರಲು ಸಾಧ್ಯವೇ ಎಂದು ಹಲವರು ಮೂಗು ಮುರಿದರು.

ಎಲ್ಲರೂ ಹೊರಗೆ ನಿಂತು ಊಹಿಸಿದವರೇ. ವಾತಾಪಿಯ ಕತೆ ಕೇಳಿ ಬೆಳೆದ ನಮಗೆ ಗೊತ್ತಿದೆ: ಅಣ್ಣ ಇಲ್ವಲ ಕೂಗಿದೊಡನೆ ಉಂಡದ್ದು ಹೊಟ್ಟೆ ಸೀಳಿಕೊಂಡು ಹೊರಬರಬೇಕು, ಆಗ ತಿಂದವನು ಉಳಿಯುವುದಿಲ್ಲ. ಬದಾಮಿಯ ಬಂಡೆಗಳ ನಡುವೆ ಇವತ್ತಿಗೂ ಹೇಳುವ ಆ ಕತೆಯಲ್ಲಿ ಅಗಸ್ತ್ಯ ಹೊಟ್ಟೆ ಸವರಿಕೊಂಡು ಆ ಸಾಧ್ಯತೆಯನ್ನೇ ಮುಗಿಸಿಬಿಟ್ಟ. ಮ್ಯಾಕಿನಾದ ಹುಡುಗನಲ್ಲಿ ಎರಡೂ ಆಯಿತು: ಹೊಟ್ಟೆ ಸೀಳಿತು, ಉಂಡವನೂ ಉಳಿದ.

ಪ್ರಯೋಗಗಳು ಶುರುವಾದದ್ದು 1825ರಲ್ಲಿ. ಅದೇ ವರ್ಷ ಬೋಮಾಂಟ್‌ಗೆ ನಯಾಗರ ಕೋಟೆಗೆ ವರ್ಗವಾಯಿತು. ಸೇನೆಯ ವೈದ್ಯ ಮುಖ್ಯಸ್ಥ ಜೋಸೆಫ್ ಲವೆಲ್ ಬೆನ್ನಿಗಿದ್ದ. ಮೇಲಧಿಕಾರಿಗಳಲ್ಲಿ ಇಂಥವರು ಸಿಗುವುದು ಅಪರೂಪ. ಆಗಸ್ಟ್ 1ರ ಮಧ್ಯಾಹ್ನ 12 ಗಂಟೆಗೆ ಬೋಮಾಂಟ್ ಒಂದು ರೇಷ್ಮೆ ದಾರಕ್ಕೆ ತಿನಿಸುಗಳನ್ನು ಸರದಂತೆ ಕಟ್ಟಿದ: ಮಸಾಲೆ ಹಾಕಿ ಬೇಯಿಸಿದ ದನದ ಮಾಂಸ, ಉಪ್ಪು ಹಚ್ಚಿದ ಹಸಿ ಹಂದಿ ಕೊಬ್ಬು, ಉಪ್ಪು ಹಚ್ಚಿದ ಹಸಿ ದನದ ಮಾಂಸ, ಬೇಯಿಸಿದ ಉಪ್ಪು ಮಾಂಸ, ಹಳಸಲು ಬ್ರೆಡ್ಡು, ಹೆಚ್ಚಿದ ಹಸಿ ಎಲೆಕೋಸು. ಒಂದೊಂದೂ ಎರಡು ಡ್ರಾಮ್, ಅಂದರೆ ಏಳೆಂಟು ಗ್ರಾಂ. ಸರವನ್ನು ತೂತಿನೊಳಗೆ ಇಳಿಬಿಟ್ಟ. ಹುಡುಗ ಎಂದಿನಂತೆ ಮನೆಗೆಲಸಕ್ಕೆ ಹೋದ. ಒಂದು ಗಂಟೆಗೆ ದಾರ ಎಳೆದು ನೋಡಿದರೆ ಕೋಸು, ಬ್ರೆಡ್ಡು ಅರ್ಧ ಕರಗಿದ್ದವು. ಮಾಂಸ ಹಾಗೇ ಇತ್ತು. ಮತ್ತೆ ಒಳಗೆ. ಎರಡು ಗಂಟೆಗೆ ಕೋಸು, ಬ್ರೆಡ್ಡು, ಹಂದಿ ಕೊಬ್ಬು, ಬೇಯಿಸಿದ ಮಾಂಸ ನಾಲ್ಕೂ ದಾರದಿಂದ ಮಾಯ. ಉಳಿದವನ್ನು ಮತ್ತೆ ಇಳಿಬಿಟ್ಟ. ಸಂಜೆಯ ಹೊತ್ತಿಗೆ ಅಲೆಕ್ಸಿಗೆ ಹೊಟ್ಟೆಯಲ್ಲಿ ಸಂಕಟ, ತಲೆನೋವು, ನಿಶ್ಶಕ್ತಿ. ಮರುದಿನವೂ ಬಿಡಲಿಲ್ಲ. ಬೋಮಾಂಟ್ ಔಷಧ ಕೊಟ್ಟ, ಅದನ್ನೂ ಬಾಯಿಯಿಂದಲ್ಲ. ಅರ್ಧ ಡಜನ್ ಕ್ಯಾಲೊಮೆಲ್ ಗುಳಿಗೆಗಳನ್ನು ಅದೇ ತೂತಿನಿಂದ ಒಳಗೆ ಹಾಕಿದ.

ವಾರ ಕಳೆದು, ಆಗಸ್ಟ್ 7ರಂದು ನಡೆಸಿದ್ದು ನಿಜವಾಗಿ ದೊಡ್ಡ ಪ್ರಯೋಗ. ಹುಡುಗನನ್ನು 17 ಗಂಟೆ ಉಪವಾಸ ಕೆಡವಿ, ಥರ್ಮಾಮೀಟರ್ ಒಳಗಿಟ್ಟು ನೋಡಿದ: 100 ಡಿಗ್ರಿ ಫ್ಯಾರನ್‌ಹೀಟ್. ಜಠರಾಗ್ನಿಯ ಉರಿ ಇಷ್ಟೇ. ಮೈ ಬಿಸಿಗಿಂತ ಹೆಚ್ಚೇನಿಲ್ಲ. ಆಮೇಲೆ ರಬ್ಬರ್ ಕೊಳವೆ ತೂರಿಸಿ ಒಂದು ಔನ್ಸ್ ರಸ ತೆಗೆದು ಸೀಸೆಗೆ ಹಾಕಿ, ಅದರಲ್ಲಿ ಕಿರುಬೆರಳಷ್ಟು ಬೇಯಿಸಿದ ಮಾಂಸವಿಟ್ಟು, ಬಿರಡೆ ಬಿಗಿದು, 100 ಡಿಗ್ರಿಯ ಬಿಸಿನೀರಿನ ಪಾತ್ರೆಯಲ್ಲಿ ನಿಲ್ಲಿಸಿದ. ಅಷ್ಟೇ ದೊಡ್ಡ ಇನ್ನೊಂದು ತುಂಡನ್ನು ದಾರ ಕಟ್ಟಿ ಹೊಟ್ಟೆಯೊಳಗೆ ಬಿಟ್ಟ. ನಲವತ್ತು ನಿಮಿಷಕ್ಕೆ ಸೀಸೆಯ ಮಾಂಸದ ಮೇಲ್ಮೈ ಕರಗತೊಡಗಿತು. ಐವತ್ತಕ್ಕೆ ರಸ ಮಬ್ಬಾಗಿ ನಾರುಗಳು ಬಿಡಿಬಿಡಿಯಾದವು. ರಾತ್ರಿ 9ಕ್ಕೆ ಸೀಸೆಯಲ್ಲಿ ಮಾಂಸವೆಂಬುದೇ ಇರಲಿಲ್ಲ. ಹೊಟ್ಟೆಯೊಳಗಿನದು ಎರಡು ಗಂಟೆಗಳಲ್ಲೇ ಮುಗಿದಿತ್ತು. ವೇಗ ಬೇರೆ, ಕೆಲಸ ಒಂದೇ. ಪಚನಕ್ಕೆ ಬೆಂಕಿ ಬೇಡ, ಬೀಸುವ ಕಲ್ಲು ಬೇಡ, ಪ್ರಾಣಶಕ್ತಿಯೆಂಬ ನಿಗೂಢವೂ ಬೇಡ. ರಸ, ಹದವಾದ ಬಿಸಿ, ಅಲುಗಾಟ ಇದ್ದರೆ ಗಾಜಿನ ಸೀಸೆಯಲ್ಲೂ ಅದು ನಡೆಯುತ್ತದೆ. ಶತಮಾನಗಳ ವ್ಯಾಜ್ಯ ಒಂದು ಸೀಸೆಯೊಳಗೆ ಇತ್ಯರ್ಥವಾಯಿತು.

ಮುಂದಿನ ತಿಂಗಳು ಅಲೆಕ್ಸಿ ಹೇಳದೆ ಕೇಳದೆ ಪರಾರಿ. ಡಾಕ್ಟರ್ ಅವನನ್ನು ಕರೆದುಕೊಂಡು ವರ್ಮಾಂಟ್, ಪ್ಲಾಟ್ಸ್‌ಬರ್ಗ್ ಕಡೆ ಹೋಗಿದ್ದಾಗ ಕೆನಡಾದ ಗಡಿ ಕೂಗಳತೆಯಲ್ಲಿತ್ತು. ಊರು ಸೇರಿ ಮೇರಿ ಜೋಲಿ ಎಂಬವಳನ್ನು ಮದುವೆಯಾದ, ಮಕ್ಕಳಾದವು, ಹೊಟ್ಟೆಯಲ್ಲಿ ತೂತಿಟ್ಟುಕೊಂಡೇ ಮತ್ತೆ ದೋಣಿ ಹುಟ್ಟು ಹಾಕಿದ. ಬೋಮಾಂಟ್‌ನ ದಿನಚರಿ, ಪತ್ರಗಳಲ್ಲಿ ಈ ನಾಲ್ಕು ವರ್ಷ ಬರೀ ಹುಡುಕಾಟ. ಕೊನೆಗೆ ತುಪ್ಪಳ ಕಂಪನಿಯ ಏಜೆಂಟರು ಪತ್ತೆಹಚ್ಚಿ, 1829ರಲ್ಲಿ ಹೆಂಡತಿ ಮಕ್ಕಳ ಸಮೇತ, ಡಾಕ್ಟರ್ ಆಗ ಇದ್ದ ಮಿಸಿಸಿಪಿ ದಡದ ಕ್ರಾಫರ್ಡ್ ಕೋಟೆಗೆ ಕಳಿಸಿದರು. ಖರ್ಚೆಲ್ಲ ಡಾಕ್ಟರದೇ.

ಅಲ್ಲಿ ಡಾಕ್ಟರ್ ಗಾಳಿ ಯಾವ ಕಡೆಯಿಂದ ಬೀಸುತ್ತಿದೆ, ಹೊರಗೆ ಚಳಿ ಎಷ್ಟು, ಒಳಗೆ ಹೊಟ್ಟೆಯ ಬಿಸಿ ಎಷ್ಟು ಎಂದೆಲ್ಲ ಗುರುತು ಹಾಕಿಕೊಳ್ಳುತ್ತಿದ್ದ. ಸೌದೆ ಒಡೆದು ಬಂದಾಗ ಒಂದು ಅಳತೆ, ಮಲಗಿದ್ದಾಗ ಇನ್ನೊಂದು. ಖಾಲಿ ಹೊಟ್ಟೆಯ ಒಳಪದರಕ್ಕೆ ನಾಲಿಗೆ ತಾಗಿಸಿ ನೋಡಿದ. ಹೌದು, ನಾಲಿಗೆಯನ್ನೇ. ರುಚಿ ಏನೂ ಇಲ್ಲ. ಆಹಾರದ ಚೂರೊಂದು ತಾಗಿದ ಮೇಲೆ ನೆಕ್ಕಿದರೆ ಹುಳಿ. ಭೂತಗನ್ನಡಿ ಹಿಡಿದು ನೋಡಿದಾಗ ನಸುಗುಲಾಬಿ ಬಣ್ಣದ ಆ ಪದರ ಕೆಂಪೇರಿ, ಮೇಲೆಲ್ಲ ಹೊಳೆಯುವ ಸಣ್ಣ ಚುಕ್ಕಿಗಳೆದ್ದು, ಅವುಗಳಿಂದ ತಿಳಿಯಾದ ದ್ರವ ಬೆವರಿನಂತೆ ಜಿನುಗಿತು. ಹೊಟ್ಟೆಯಲ್ಲಿ ರಸ ಸದಾ ತುಂಬಿಕೊಂಡಿರುವುದಿಲ್ಲ, ಆಹಾರ ಬಂದಾಗ ಅದು ಹುಟ್ಟುತ್ತದೆ ಎಂಬ ತಿಳುವಳಿಕೆ ಆ ಮಸೂರದಡಿಯಲ್ಲಿ, ಆ ನಾಲಿಗೆಯ ತುದಿಯಲ್ಲಿ ಸಿಕ್ಕಿದ್ದು.

1831ರಲ್ಲಿ ಹೆಂಡತಿಗೆ ಊರಿನ ಗೀಳು ಹಿಡಿದು ಸಂಸಾರ ಮತ್ತೆ ಕೆನಡಾಕ್ಕೆ ಹೊರಟಿತು. ಈ ಸಲ ಡಾಕ್ಟರ್ ಒಪ್ಪಿಯೇ ಕಳಿಸಿದ. ಮರುವರ್ಷ ಮತ್ತೆ ಕರೆಸಿಕೊಂಡಾಗ ಬಾಯಿಮಾತನ್ನು ನಂಬದೆ, 1832ರ ಅಕ್ಟೋಬರ್‌ನಲ್ಲಿ ಪ್ಲಾಟ್ಸ್‌ಬರ್ಗ್‌ನಲ್ಲಿ ಕರಾರುಪತ್ರ ಬರೆಸಿದ. ವರ್ಷಕ್ಕೆ 150 ಡಾಲರ್, ಊಟ, ಬಟ್ಟೆ, ವಸತಿ; ಅದಕ್ಕೆ ಪ್ರತಿಯಾಗಿ ಅಲೆಕ್ಸಿ ಡಾಕ್ಟರ್ ಹೋದಲ್ಲೆಲ್ಲ ಹೋಗಬೇಕು, ಹೇಳಿದ ಕೆಲಸ ಮಾಡಬೇಕು, ವಿಜ್ಞಾನಕ್ಕಾಗಿ ತನ್ನ ಜಠರವನ್ನು ಒಡ್ಡಬೇಕು. ಮುಂಗಡ 40 ಡಾಲರ್. ಸಹಿ ಬಾರದ ಅಲೆಕ್ಸಿ ಅಡ್ಡಗೀಟಿನ ಗುರುತು ಹಾಕಿದ. ಮನುಷ್ಯನೊಬ್ಬ ತನ್ನ ದೇಹವನ್ನು ಸಂಶೋಧನೆಗೆ ಒಪ್ಪಿಸಿದ ಲಿಖಿತ ಕರಾರುಗಳಲ್ಲಿ ಇದು ತೀರ ಹಳೆಯದೊಂದು. ಸಂಬಳದ ಹೊರೆ ಇಳಿಸಲು ಲವೆಲ್ ಇನ್ನೊಂದು ಉಪಾಯ ಹೂಡಿ, ವಾಷಿಂಗ್ಟನ್ನಿನಲ್ಲಿ ಅಲೆಕ್ಸಿಯನ್ನು ಸಾರ್ಜೆಂಟ್ ಎಂದು ಸೇನೆಗೆ ಸೇರಿಸಿಬಿಟ್ಟ. ಕವಾಯತು ಇಲ್ಲ, ಯುದ್ಧವಿಲ್ಲ. ಹೊಟ್ಟೆ ತೋರಿಸುವುದೇ ನೌಕರಿ.

ಆ ಚಳಿಗಾಲದ ಪ್ರಯೋಗಗಳಲ್ಲಿ ಸೀಸೆಗಳನ್ನು ಬೆಚ್ಚಗಿಡಲು ಬೋಮಾಂಟ್ ಒಂದು ಸುಲಭ ದಾರಿ ಕಂಡುಕೊಂಡಿದ್ದ: ಅಲೆಕ್ಸಿಯ ಕಂಕುಳು. ತನ್ನದೇ ಹೊಟ್ಟೆಯಿಂದ ತೆಗೆದ ರಸದಲ್ಲಿ ಮಾಂಸ ಕರಗುವ ಸೀಸೆಗಳನ್ನು ತನ್ನದೇ ಕಂಕುಳಲ್ಲಿ ಅವುಚಿಕೊಂಡು ಆತ ಗಂಟೆಗಟ್ಟಲೆ ಇರಬೇಕು. ರಸ ಬಸಿದಾಗಲೆಲ್ಲ ಹೊಟ್ಟೆಯ ಬಾಯಲ್ಲಿ ಕುಸಿದಂಥ ಅನುಭವ, ಕೆಲವೊಮ್ಮೆ ತಲೆಸುತ್ತು. ಅವನಿಗೆ ಸಿಟ್ಟು ಬರುತ್ತಿತ್ತು. ಬೋಮಾಂಟ್ ಅದನ್ನೂ ಬರೆದುಕೊಂಡ: ಸಿಟ್ಟು ಬಂದಾಗ ಜಠರದಲ್ಲಿ ಹಳದಿ ಪಿತ್ತ ಕಾಣುತ್ತದೆ, ರಸ ಕಡಿಮೆಯಾಗುತ್ತದೆ, ಆಹಾರ ಕರಗುವುದು ತಡವಾಗುತ್ತದೆ. ಮನಸ್ಸಿನ ಏರುಪೇರು ಹೊಟ್ಟೆಯಲ್ಲಿ ಕಣ್ಣಿಗೆ ಕಾಣುವಂತೆ ದಾಖಲಾದ ಮೊದಲ ನಿದರ್ಶನಗಳಲ್ಲಿ ಇದೂ ಒಂದು. ಅಪೂರ್ವ ಅವಲೋಕನ, ಸಂದೇಹವಿಲ್ಲ. ಆದರೆ ಸಿಟ್ಟು ಯಾಕೆ ಬಂತೆಂದು ಕೇಳುವ ಅಗತ್ಯ ಆ ಸೂಕ್ಷ್ಮದರ್ಶಿಗೆ ಕಾಣಲಿಲ್ಲ. ಈ ಪ್ರಯೋಗಗಳ ಬಗ್ಗೆ ಅವನು ಮುಂದೆ ಅಚ್ಚು ಹಾಕಿಸಿದ ಇಡೀ ಪುಸ್ತಕದಲ್ಲಿ ನನ್ನನ್ನು ಅತಿ ಹೆಚ್ಚು ಕಾಡುವ ಖಾಲಿ ಜಾಗ ಇದು. ಇನ್ನೊಮ್ಮೆ ಅಲೆಕ್ಸಿ ಎಂಟು ಹತ್ತು ದಿನ ಚೆನ್ನಾಗಿ ಕುಡಿದಿದ್ದ. ಕಿಂಡಿಯಲ್ಲಿ ನೋಡಿದರೆ ಒಳಪದರ ಕೆಂಡದಂತೆ ಕೆಂಪಾಗಿ ಹುಣ್ಣಿನ ಕಲೆಗಳೆದ್ದಿದ್ದವು, ಕೇಳಿದರೆ ಅವನಿಗೆ ನೋವೇ ಇಲ್ಲ! ಹೊಟ್ಟೆ ಕೆಟ್ಟಿರುವುದು ಹೊಟ್ಟೆಯ ಯಜಮಾನನಿಗೆ ಗೊತ್ತಾಗಲೇಬೇಕೆಂದಿಲ್ಲ ಎಂಬುದೂ ಹೀಗೆ ತಿಳಿಯಿತು.

ರಸದಲ್ಲಿ ಏನಿದೆ ಎಂದು ಹೇಳುವಷ್ಟು ರಸಾಯನಶಾಸ್ತ್ರ ಬೋಮಾಂಟ್‌ಗೆ ಗೊತ್ತಿರಲಿಲ್ಲ, ಗೊತ್ತಿದೆಯೆಂದು ನಟಿಸಲೂ ಇಲ್ಲ. ವರ್ಜೀನಿಯಾದ ರಾಬ್ಲಿ ಡಂಗ್ಲಿಸನ್‌ಗೂ ಯೇಲ್‌ನ ಬೆಂಜಮಿನ್ ಸಿಲಿಮನ್‌ಗೂ ಸೀಸೆಗಳನ್ನು ಕಳಿಸಿದ. ಹೈಡ್ರೋಕ್ಲೋರಿಕ್ ಆಮ್ಲ ಇದೆ ಎಂದು ಉತ್ತರ ಬಂತು; ಪ್ರೌಟ್ ಗೆದ್ದಿದ್ದ. ಸ್ವೀಡನ್ನಿನ ಮಹಾರಸಾಯನಜ್ಞ ಬರ್ಜೀಲಿಯಸ್‌ಗೂ ಒಂದು ಸೀಸೆ ಸಮುದ್ರ ದಾಟಿ ಹೋಯಿತು. ಅದು ತಲುಪುವಷ್ಟರಲ್ಲಿ ತಿಂಗಳುಗಳೇ ಕಳೆದು, ಅವನಿಂದ ಉಪಯೋಗಕ್ಕೆ ಬರುವ ಉತ್ತರ ಬರಲಿಲ್ಲ. ಆಮ್ಲದ ಜೊತೆಗೆ ಇನ್ನೂ ಏನೋ ಇರಬೇಕು, ಬರೀ ಆಮ್ಲ ಹೀಗೆ ಕೆಲಸ ಮಾಡದು ಎಂಬ ಗುಮಾನಿ ಬೋಮಾಂಟ್‌ಗೆ ಇತ್ತು. ಆ ಏನೋ ಒಂದನ್ನು 1836ರಲ್ಲಿ ಬರ್ಲಿನ್ನಿನ ಥಿಯೋಡರ್ ಶ್ವಾನ್ ಗುರುತಿಸಿ ಪೆಪ್ಸಿನ್ ಎಂದು ಕರೆದ.

ಪುಸ್ತಕ 1833ರಲ್ಲಿ ಪ್ಲಾಟ್ಸ್‌ಬರ್ಗ್‌ನ ಒಂದು ಸಣ್ಣ ಅಚ್ಚುಕೂಟದಲ್ಲಿ, ಲೇಖಕನ ಸ್ವಂತ ಖರ್ಚಿನಲ್ಲಿ ಅಚ್ಚಾಯಿತು. 280 ಪುಟ, ಕೊನೆಗೆ 51 ತೀರ್ಮಾನಗಳು. ಕಾಗದ ಒರಟು, ಅಚ್ಚಿನ ತಪ್ಪುಗಳು ಬೇಕಾದಷ್ಟು. ಆದರೆ ಯುರೋಪಿನ ಶರೀರಶಾಸ್ತ್ರಜ್ಞರು ಅಮೆರಿಕದ ವೈದ್ಯವಿಜ್ಞಾನದತ್ತ ತಲೆಯೆತ್ತಿ ನೋಡಿದ್ದು ಈ ಒರಟು ಪುಸ್ತಕದಿಂದಲೇ. ಸಾಮಾನ್ಯ ಓದುಗರಿಗೆ ಅದರಲ್ಲಿ ಇಷ್ಟವಾದದ್ದು ಯಾವ ತಿನಿಸು ಎಷ್ಟು ಹೊತ್ತಿಗೆ ಕರಗುತ್ತದೆ ಎಂಬ ಪಟ್ಟಿ. ಬೇಯಿಸಿದ ಅನ್ನ 1 ಗಂಟೆ, ಕಾಯಿಸಿದ ಹಾಲು 2 ಗಂಟೆ, ಗಟ್ಟಿ ಬೇಯಿಸಿದ ಮೊಟ್ಟೆ ಮೂರೂವರೆ, ಬೇಯಿಸಿದ ಎಲೆಕೋಸು ನಾಲ್ಕೂವರೆ, ಹುರಿದ ಹಂದಿ ಮಾಂಸ 5 ಗಂಟೆ 15 ನಿಮಿಷ. ಅನ್ನ ಉಂಡವನಿಗೆ ಬೇಗ ಹಸಿವು, ಮುದ್ದೆ ಉಂಡವನಿಗೆ ತಡ ಎಂದು ವಾದಿಸುವ ನಮ್ಮ ಬಯಲುಸೀಮೆಯವರಿಗೆ ಈ ಪಟ್ಟಿ ಅರ್ಧ ಸಾಕ್ಷಿ. ರಾಗಿಯ ಹೆಸರು ಅದರಲ್ಲಿಲ್ಲ. ಎಷ್ಟೋ ದಶಕ ಪಠ್ಯಪುಸ್ತಕಗಳು, ಪಥ್ಯದ ಪುಸ್ತಕಗಳು ಈ ಪಟ್ಟಿಯನ್ನು ಕಣ್ಣುಮುಚ್ಚಿ ನಕಲು ಹೊಡೆದವು. ಒಬ್ಬನೇ ಮನುಷ್ಯನ, ಅದೂ ತೂತು ಬಿದ್ದ ಹೊಟ್ಟೆಯ ಲೆಕ್ಕ ಅದು ಎಂದು ಯಾರೂ ನೆನಪಿಸಿಕೊಂಡಂತಿಲ್ಲ.

ಪಟ್ಟಿಯಲ್ಲಿ ಇನ್ನೂ ದೊಡ್ಡ ತೊಡಕಿದೆ. ಬೋಮಾಂಟ್‌ನ ಕಿಂಡಿ ತೆರೆದದ್ದು ಒಂದೇ ಕೋಣೆಗೆ. ಜೊಲ್ಲಿಗೆ ಅನ್ನವನ್ನು ಕರಗಿಸುವ ಶಕ್ತಿ ಇಲ್ಲ, ಅದು ನುಂಗುವುದಕ್ಕೆ ಜಾರುವಂತೆ ಮಾಡುತ್ತದೆ ಅಷ್ಟೇ ಎಂದು ಅವನು ತೀರ್ಪು ಕೊಟ್ಟ. ಅದು ತಪ್ಪು. ಪಿಷ್ಟದ ಪಚನ ಬಾಯಲ್ಲೇ ಶುರುವಾಗುತ್ತದೆ. ತುತ್ತನ್ನು ಚೆನ್ನಾಗಿ ಜಗಿದರೆ ಅನ್ನ ಸಿಹಿಯಾಗುವುದು ಅದಕ್ಕೇ. ದಾರದಿಂದ ಮಾಯವಾದ ಬ್ರೆಡ್ಡು ನಿಜಕ್ಕೂ ಜೀರ್ಣವಾಗಿರಲಿಲ್ಲ, ಮೆತ್ತಗಾಗಿ ಮುಂದಕ್ಕೆ ಹೋಗಿತ್ತು. ಜಠರದಲ್ಲಿ ಮುಖ್ಯವಾಗಿ ಒಡೆಯುವುದು ಮಾಂಸ, ಬೇಳೆ, ಹಾಲಿನಲ್ಲಿರುವ ಪ್ರೋಟೀನು. ಉಳಿದ ದೊಡ್ಡ ಕೆಲಸವೆಲ್ಲ ನಡೆಯುವುದು ಅದರಾಚೆಯ ಸುಮಾರು ಆರು ಮೀಟರ್ ಉದ್ದದ ಸಣ್ಣಕರುಳಿನಲ್ಲಿ. ಅಲ್ಲಿ ಮೇದೋಜೀರಕ ಗ್ರಂಥಿಯ ರಸ ಪಿಷ್ಟ, ಕೊಬ್ಬು, ಪ್ರೋಟೀನು ಮೂರನ್ನೂ ಒಡೆಯುತ್ತದೆ, ಪಿತ್ತ ಕೊಬ್ಬನ್ನು ಸಣ್ಣ ಹನಿಗಳಾಗಿ ಬಿಡಿಸುತ್ತದೆ, ಕರುಳಿನ ಗೋಡೆ ಅದೆಲ್ಲವನ್ನೂ ಹೀರಿಕೊಳ್ಳುತ್ತದೆ. ಅಲೆಕ್ಸಿಯ ತೂತಿನಿಂದ ಇದೊಂದೂ ಕಾಣುತ್ತಿರಲಿಲ್ಲ. ಪ್ಯಾರಿಸ್ಸಿನಲ್ಲಿ ಕ್ಲಾಡ್ ಬರ್ನಾರ್ಡ್ ಮೇದೋಜೀರಕದ ಕೆಲಸವನ್ನು ಕಂಡದ್ದು ಹದಿನೈದು ವರ್ಷಗಳ ನಂತರ.

ಆದರೂ ಕಿಂಡಿಯ ಉಪಾಯ ಎಲ್ಲರಿಗೂ ಹಿಡಿಸಿತು. ಕೋವಿ ಸಿಡಿಯುವುದನ್ನು ಕಾಯುವುದೇಕೆ? 1842ರಲ್ಲಿ ಮಾಸ್ಕೋದ ಬಾಸೊವ್ ನಾಯಿಯ ಹೊಟ್ಟೆಗೆ ತಾನೇ ತೂತು ಮಾಡಿದ. ಅದೇ ದಾರಿಯಲ್ಲಿ ನಡೆದ ಪಾವ್ಲೋವ್, ಆಹಾರ ಹೊಟ್ಟೆ ತಲುಪುವ ಮೊದಲೇ, ಬರೀ ತಿನ್ನುವ ಆಸೆಯಿಂದಲೇ ನರಗಳ ಮೂಲಕ ರಸ ಸುರಿಯುತ್ತದೆಂದು ತೋರಿಸಿ 1904ರಲ್ಲಿ ನೊಬೆಲ್ ಪಡೆದ. ಎಲ್ಲವೂ ನರಗಳ ಆಟ ಎನ್ನುವಷ್ಟರಲ್ಲಿ, 1902ರಲ್ಲೇ, ಲಂಡನ್ನಿನ ಬೇಲಿಸ್ ಮತ್ತು ಸ್ಟಾರ್ಲಿಂಗ್ ನರ ಕತ್ತರಿಸಿದ ಕರುಳಿಗೆ ಆಮ್ಲ ಹಾಕಿದರೂ ಮೇದೋಜೀರಕ ರಸ ಸುರಿಸುವುದನ್ನು ಕಂಡಿದ್ದರು. ಸುದ್ದಿ ರಕ್ತದಲ್ಲಿ ಹೋಗುತ್ತದೆ. ಸಿಕ್ರೆಟಿನ್ ಎಂಬ ಆ ವಸ್ತುವಿನಿಂದ ಹಾರ್ಮೋನುಗಳ ವಿಜ್ಞಾನವೇ ಶುರುವಾಯಿತು.

ಇತ್ತ ಅಲೆಕ್ಸಿ 1834ರಲ್ಲಿ ಮನೆಯವರನ್ನು ನೋಡಿ ಬರುತ್ತೇನೆಂದು ಕೆನಡಾಕ್ಕೆ ಹೋದವನು ತಿರುಗಿ ಬರಲಿಲ್ಲ. ಬೋಮಾಂಟ್ ತಾನು ಮಾಡಿದ ಖರ್ಚನ್ನು ಕೊಡಿಸಿ ಎಂದು ಅಮೆರಿಕದ ಕಾಂಗ್ರೆಸ್ಸಿಗೆ ಅರ್ಜಿ ಹಾಕಿದ, ಸಿಗಲಿಲ್ಲ. ಸೇನೆ ಬಿಟ್ಟು ಸೇಂಟ್ ಲೂಯಿಸ್‌ನಲ್ಲಿ ವೈದ್ಯವೃತ್ತಿ ಹಿಡಿದ. ಸುಮಾರು ಇಪ್ಪತ್ತು ವರ್ಷ ಪತ್ರ ಬರೆದ, ದುಡ್ಡಿನ ಆಸೆ ತೋರಿಸಿದ, ಗದರಿದ, ಬೇಡಿಕೊಂಡ, ಕೊನೆಗೆ ಮಗನನ್ನೇ ಅವನ ಊರಿಗೆ ಕಳಿಸಿದ. ಅಲೆಕ್ಸಿ ಬರುವುದಿಲ್ಲ ಎಂದು ಎಂದೂ ಹೇಳಲಿಲ್ಲ. ಹೆಂಡತಿ ಮಕ್ಕಳನ್ನು ಬಿಟ್ಟು ಬರಲಾಗದು, ಇನ್ನಷ್ಟು ಹಣ ಬೇಕು ಎಂದ. ಬೋಮಾಂಟ್‌ನ ಪತ್ರಗಳಲ್ಲಿ ಅವನು ಹಠಮಾರಿ, ಕುಡುಕ, ಕೃತಘ್ನ. ನನಗೆ ಕಾಣುವುದು ಬೇರೆ. ಕೂಲಿಗೆ ಬಂದವನು ತನ್ನಲ್ಲಿರುವ ಒಂದೇ ಸರಕಿನ ಬೆಲೆ ತಿಳಿದುಕೊಂಡ ಮೇಲೆ ಚೌಕಾಶಿಗೆ ಕೂತ, ಅಷ್ಟೇ. ತುಪ್ಪಳದ ವ್ಯಾಪಾರದಲ್ಲಿ ಬೆಳೆದವನಿಗೆ ಇದು ಹೊಸ ವಿದ್ಯೆಯಲ್ಲ.

1853ರಲ್ಲಿ ಮಂಜುಗಟ್ಟಿದ ಮೆಟ್ಟಿಲ ಮೇಲೆ ಜಾರಿಬಿದ್ದ ಬೋಮಾಂಟ್ ಚೇತರಿಸಿಕೊಳ್ಳಲಿಲ್ಲ. ಮೂವತ್ತಾರು ಗಂಟೆಯ ಆಯುಸ್ಸು ಕೊಟ್ಟಿದ್ದ ರೋಗಿ ಡಾಕ್ಟರಿಗಿಂತ 27 ವರ್ಷ ಹೆಚ್ಚು ಬದುಕಿದ. ಬಡತನದಲ್ಲೇ, ಸೌದೆ ಕಡಿದು. ನಡುವೆ ಒಮ್ಮೆ ಒಬ್ಬ ಪ್ರದರ್ಶನಕಾರನ ಜೊತೆ ಊರೂರು ತಿರುಗಿ ಹೊಟ್ಟೆ ತೋರಿಸಿ ನಾಲ್ಕು ಕಾಸು ಕಂಡದ್ದೂ ಉಂಟು. 1880ರ ಜೂನ್ 24ರಂದು ಕ್ವಿಬೆಕ್‌ನ ಸೇಂಟ್ ಥಾಮಸ್‌ನಲ್ಲಿ ತೀರಿಕೊಂಡ. ಆಗ ಮಾಂಟ್ರಿಯಲ್‌ನಲ್ಲಿದ್ದ, ಮುಂದೆ ಜಗತ್ಪ್ರಸಿದ್ಧನಾದ ವೈದ್ಯ ವಿಲಿಯಂ ಆಸ್ಲರ್ ಈ ಸಾವನ್ನೇ ಕಾಯುತ್ತಿದ್ದ. ಶವಪರೀಕ್ಷೆಗೆ ಅನುಮತಿ ಬೇಕು, ಜಠರವನ್ನು ವಾಷಿಂಗ್ಟನ್ನಿನ ಸೇನಾ ವೈದ್ಯಕೀಯ ಮ್ಯೂಸಿಯಂಗೆ ಕೊಡಿಸಬೇಕು, ಅದಕ್ಕೆ ಹಣ ಕೊಡಲೂ ಸಿದ್ಧ ಎಂದು ತಿಳಿಸಿದ್ದ. ಶವಪರೀಕ್ಷೆಗೆ ಬಂದರೆ ಕೊಲೆಯಾದೀತು ಎಂಬರ್ಥದ ತಂತಿ ಆ ಊರಿನ ಕಡೆಯಿಂದ ಬಂತು. ಮನೆಯವರು ಶವವನ್ನು ಬೇಸಿಗೆಯ ಬಿಸಿಯಲ್ಲಿ ನಾಲ್ಕು ದಿನ ಇಟ್ಟರು, ಯಾವ ಡಾಕ್ಟರಿಗೂ ಉಪಯೋಗಕ್ಕೆ ಬಾರದಷ್ಟು ಕೊಳೆಯಲೆಂದು. ವಾಸನೆಗೆ ಪೆಟ್ಟಿಗೆಯನ್ನು ಚರ್ಚಿನೊಳಗೆ ತರಲಾಗದೆ ಹೊರಗಿಟ್ಟೇ ಪ್ರಾರ್ಥನೆ ನಡೆಯಿತು. ಯಾರೂ ಅಗೆದು ಒಯ್ಯಬಾರದೆಂದು ಗುಂಡಿ ಎಂಟು ಅಡಿ ಆಳ. ಕೆನಡಾದ ಶರೀರಶಾಸ್ತ್ರ ಸಂಘ ಅಲ್ಲಿ ಫಲಕವೊಂದನ್ನು ಹಾಕಿಸಿದ್ದು 1962ರಲ್ಲಿ.

ಅಷ್ಟರಲ್ಲಿ ನ್ಯೂಯಾರ್ಕ್‌ನಲ್ಲಿ ಇನ್ನೊಂದು ಕಿಂಡಿ ತೆರೆದು ಮುಚ್ಚಿತ್ತು. ಟಾಮ್ ಎಂದು ಮಾತ್ರ ವೈದ್ಯಸಾಹಿತ್ಯದಲ್ಲಿ ಪ್ರಸಿದ್ಧನಾದ ಕೆಲಸಗಾರನೊಬ್ಬ 1895ರಲ್ಲಿ, ಒಂಬತ್ತರ ವಯಸ್ಸಿನಲ್ಲಿ, ಕುದಿಯುವ ಸಾರು ಕುಡಿದು ಅನ್ನನಾಳ ಮುಚ್ಚಿಹೋಗಿ, ಹೊಟ್ಟೆಗೆ ಮಾಡಿದ ರಂಧ್ರದಿಂದಲೇ ಉಣ್ಣುತ್ತ ಬೆಳೆದವನು. ಬಾಯಲ್ಲಿ ಜಗಿದು, ಕೊಳವೆಗೆ ಉಗಿದು, ಒಳಗೆ ಬಿಡಬೇಕು. ದಶಕಗಳ ಕಾಲ ಅದನ್ನು ಆದಷ್ಟೂ ಯಾರಿಗೂ ತೋರಿಸದೆ ಬದುಕಿದ್ದ. 1940ರ ದಶಕದ ಆರಂಭದಲ್ಲಿ ಸ್ಟೀವರ್ಟ್ ವುಲ್ಫ್ ಮತ್ತು ಹೆರಾಲ್ಡ್ ವುಲ್ಫ್ ಎಂಬ ವೈದ್ಯರು ಅವನಿಗೆ ತಮ್ಮ ಪ್ರಯೋಗಾಲಯದಲ್ಲೇ ಕೆಲಸ ಕೊಟ್ಟು, ದಿನದಿನವೂ ಅವನ ಜಠರದ ಬಣ್ಣ ನೋಡಿದರು. ಹೆದರಿದಾಗ ಒಳಪದರ ಬಿಳಚಿಕೊಂಡಿತು, ಆಮ್ಲ ಇಳಿಯಿತು. ಸಿಟ್ಟು ಒಳಗೇ ಕುದಿಯುವಾಗ ಕೆಂಪೇರಿ ಊದಿಕೊಂಡಿತು, ಆಮ್ಲ ಏರಿತು. 1943ರಲ್ಲಿ ಬಂದ ಅವರ ಪುಸ್ತಕದಲ್ಲಿ ಆಮ್ಲದ ಅಂಕಿಗಳ ಜೊತೆಗೆ ಟಾಮ್‌ನ ಮನೆ, ದುಡ್ಡಿನ ಚಿಂತೆ, ಅವನಿಗಾದ ಅವಮಾನ, ಸಿಟ್ಟು ಬಂದದ್ದು ಯಾವ ಕಾರಣಕ್ಕೆ ಎಂಬುದೆಲ್ಲ ಇದೆ.